ಆಯುಸ್ಸು ಮುಗಿದ ಇಮೇಜ್

ಬೆಳಿಗ್ಗೆ ಸರ್ವರಪ್ಪ ಆಫೀಸಿನ ಬಾಗಿಲಿಗೆ ಬರುವಷ್ಟರಲ್ಲಿ ಅವನನ್ನು ಒಯ್ಯಲು ಶವವಾಹನ ಬಂದು ನಿಂತಿತ್ತು.

ಆ ಬಾಗಿಲಿಗೆ ಶವವಾಹನ ಬರುವುದು ಹೊಸದೇನಲ್ಲ. ಅದು ಅಂತ್ಯಸಂಸ್ಕಾರದ ಏರ್ಪಾಟು ಮಾಡಿಕೊಡುವ ಕಂಪನಿ. ಊರಿನಲ್ಲಿ ಯಾರೇ ಕಣ್ಣು ಮುಚ್ಚಿದರೂ ಮನೆಯವರು ಮೊಬೈಲಿನಲ್ಲಿ ಇವರ ಆಪ್ ತೆರೆದು ಒಂದು ಗುಂಡಿ ಒತ್ತಿದರೆ ಸಾಕು. ಗಾಡಿ ಬರುತ್ತದೆ, ರಸ್ತೆಯಾಚೆಯ ಸಭಾಂಗಣದಲ್ಲಿ ಹೊತ್ತು ಗೊತ್ತಾಗುತ್ತದೆ, ನೆಂಟರಿಷ್ಟರಿಗೆಲ್ಲ ಸಂದೇಶ ಹೋಗುತ್ತದೆ, ಸಭಾಂಗಣದ ಪರದೆಯ ಮೇಲೆ ಹೋದವರ ಹೆಸರು ಮೂಡುತ್ತದೆ. ಅಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಪ್ ನೋಡಿಕೊಳ್ಳುತ್ತದೆ. ಆ ಆಪನ್ನು ನೋಡಿಕೊಳ್ಳುವವನು ಸರ್ವರಪ್ಪ. ಮನೆಯವರು ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು.

"ಯಾರು ಹೋಗಿದ್ದು?" ಎಂದು ಸರ್ವರಪ್ಪನೇ ಕೇಳಿದ.

ಡ್ರೈವರಣ್ಣ ಕೈಯಲ್ಲಿದ್ದ ಫೋನನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ. "ನೀವೇ," ಎಂದ. "ಬೆಳಗ್ಗೇನೇ ಬುಕ್ ಆಗಿದೆ. ಮುಂದೆ ಕೂತ್ಕೊಳ್ತೀರೋ, ಹಿಂದೆ ಮಲಗ್ತೀರೋ?"

ಆದದ್ದು ಇಷ್ಟೆ. ಆಪ್ ಓಡಲು ಯಂತ್ರಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯವರು ಒಂದು ಸೂಚನೆ ಕಳಿಸಿದ್ದರು. ನಿಮ್ಮ ಆಪ್ ಯಾವ ಆಪರೇಟಿಂಗ್ ಸಿಸ್ಟಂ ಇಮೇಜಿನ ಮೇಲೆ ನಿಂತಿದೆಯೋ ಅದರ ಆಯುಸ್ಸು ಇವತ್ತಿಗೆ ಮುಗಿದಿದೆ, ಇನ್ನು ಮೇಲೆ ಅದಕ್ಕೆ ರಿಪೇರಿಯಿಲ್ಲ, ಅದರಿಂದ ಹೊಸ ಯಂತ್ರವನ್ನೂ ಹುಟ್ಟಿಸಲಾಗದು ಎಂದು. ಇಂಥ ಸೂಚನೆ ತಿಂಗಳುಗಟ್ಟಲೆಯಿಂದ ಬರುತ್ತಲೇ ಇತ್ತು. ಸರ್ವರಪ್ಪ ಪ್ರತಿ ಸಲ ಮಾಲೀಕರಿಗೆ ಹೇಳುತ್ತಿದ್ದ. ಮಾಲೀಕರು ಪ್ರತಿ ಸಲ "ನೋಡೋಣ" ಎನ್ನುತ್ತಿದ್ದರು. ಇವತ್ತಿನದು ನೇರವಾಗಿ ಮಾಲೀಕರಿಗೇ ಹೋಗಿತ್ತು. ಅವರು ಬಾಯಲ್ಲಿ ಬ್ರಷ್ ಇಟ್ಟುಕೊಂಡು 'ಆಯುಸ್ಸು ಮುಗಿದಿದೆ' ಎಂಬ ಎರಡು ಪದ ಓದಿದರು, ಕೆಳಗೆ ಸಂಪರ್ಕಕ್ಕೆಂದು ಸರ್ವರಪ್ಪನ ಹೆಸರೂ ಆಫೀಸಿನ ವಿಳಾಸವೂ ಇದ್ದದ್ದು ಕಂಡರು, ಬುಕಿಂಗ್ ವಿಭಾಗಕ್ಕೆ ತಳ್ಳಿದರು. ಬುಕಿಂಗ್ ಅಕ್ಕ ಕಣ್ಣೊರೆಸಿಕೊಂಡೇ ಗಾಡಿ ಕಳಿಸಿದ್ದಳು.

ಹೆಂಡತಿಯ ಫೋನು ಬಂತು. "ಏನ್ರೀ, ನಿಮ್ಮ ಅಗಲಿಕೆಗೆ ನಿಮ್ಮ ಕಂಪನಿ ಸಂತಾಪ ಸೂಚಿಸಿದೆ."

"ತಪ್ಪಾಗಿ ಬಂದಿದೆ ಕಣೇ."

"ತಪ್ಪಾಗೇ ಬಂದಿರ್ಲಿ. ಮುಂದೆ ನಿಜವಾಗ್ಲೂ ಹೋಗೋದಾದ್ರೆ ಅಡುಗೆಮನೆ ನಲ್ಲಿ ಸರಿ ಮಾಡಿಸಿ ಹೋಗಿ. ನನ್ನ ತಲೆಗೆ ಕಟ್ಟಬೇಡಿ."

ಡ್ರೈವರಣ್ಣ ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಬಂದ ದಾರಿಗೆ ಸುಂಕವಿಲ್ಲ ಎನ್ನುವ ಹಾಗಿತ್ತು ಅವನ ಮುಖ.

ಮಾಲೀಕರ ಕೋಣೆಯಲ್ಲಿ ಮಾಲೀಕರೂ ಅವರ ಭಾವಮೈದನೂ ಕೂತಿದ್ದರು. ಭಾವಮೈದನಿಗೆ ಕಂಪನಿಯಲ್ಲಿ ಹುದ್ದೆಯಿರಲಿಲ್ಲ, ಕುರ್ಚಿಯಿತ್ತು. ಅವನು ಎಲ್ಲ ವಿಷಯವನ್ನೂ ಅರ್ಧ ತಿಳಿದವನು. ಮಿಕ್ಕರ್ಧವನ್ನು ಜೋರಾದ ದನಿಯಿಂದ ತುಂಬಿಸುತ್ತಿದ್ದ.

"ಏನಪ್ಪಾ ಇದು ಇಮೇಜು? ಫೋಟೋನಾ?" ಎಂದರು ಮಾಲೀಕರು.

"ಫೋಟೋ ಅಲ್ಲ ಸರ್. ತಳಪಾಯ ಇದ್ದ ಹಾಗೆ. ಮನೆ ನಮ್ಮದು, ಅಂದ್ರೆ ಆಪು. ತಳಪಾಯ ಸಿದ್ಧವಾಗಿ ಸಿಗುತ್ತೆ, ನಾವು ಆರಿಸ್ಕೊಂಡು ಅದರ ಮೇಲೆ ಮನೆ ಕೂರಿಸ್ಬೇಕು. ನಮ್ಮದು ಹಳೇದಾಯ್ತು. ಅದೇ ವಂಶದ್ದು ಹೊಸದೊಂದು ಬಂದಿದೆ, ಗಟ್ಟಿಯಾದ್ದು, ತುಂಬ ವರ್ಷ ರಿಪೇರಿ ಕೊಡ್ತಾರೆ. ಪಕ್ಕದಲ್ಲಿ ಒಂದು ನಕಲು ಎಬ್ಬಿಸಿ, ಎಲ್ಲ ಪರೀಕ್ಷೆ ಮಾಡಿ, ಆಮೇಲೆ ಜನರನ್ನ ಅದಕ್ಕೆ ತಿರುಗಿಸ್ತೀನಿ. ಹಳೇದನ್ನ ಸ್ವಲ್ಪ ದಿನ ಹಾಗೇ ಇಟ್ಕೊಂಡಿರೋಣ."

"ಎಷ್ಟು ಹೊತ್ತು?"

"ವಾರ ಬೇಕು ಸರ್."

ಭಾವಮೈದ ಫೋನಿನಿಂದ ತಲೆಯೆತ್ತಿದ. "ಭಾವಾ, ನಾನು ನೋಡ್ದೆ. ಸಪೂರ ಇಮೇಜ್ ಅಂತ ಒಂದಿದೆ. ಕಾಯಿಲೆಯವರ ಹಾಗೆ ಊದಿಕೊಂಡಿರಲ್ಲ. ಬೇಡದ್ದನ್ನೆಲ್ಲ ಕಿತ್ತು ಬಿಸಾಕಿದ್ದಾರೆ. ಕಣ್ಣು ಮಿಟುಕಿಸೋದ್ರೊಳಗೆ ಏಳುತ್ತೆ. ಜಗತ್ತೆಲ್ಲ ಈಗ ಅದೇ."

"ಅವರು ಬೇಡ ಅಂತ ಕಿತ್ತಿದ್ದು ನಮಗೆ ಬೇಕಾಗಿರಬಹುದು," ಎಂದ ಸರ್ವರಪ್ಪ.

"ಬೇಕಾದ್ದನ್ನ ಯಾರಾದ್ರೂ ಕೀಳ್ತಾರೇನ್ರೀ?"

ಕೇಳಿದವನಿಗೆ ಉತ್ತರ ಬೇಡವಾಗಿತ್ತು. ಮಾಲೀಕರಿಗೆ ತೀರ್ಮಾನ ಬೇಕಾಗಿತ್ತು. ಸಪೂರದ್ದೇ ಆಗಲಿ, ಈಗಲೇ ಆಗಲಿ ಎಂದರು. ಸರ್ವರಪ್ಪ ತನ್ನ ಕುರ್ಚಿಗೆ ಬಂದು ಕೆಲಸ ಶುರು ಮಾಡಿದ. ಭಾವಮೈದ ಹಿಂದೆಯೇ ಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತ. ಅವನ ಉಸಿರು ಬೆಚ್ಚಗೆ ಕಿವಿಗೆ ತಾಗುತ್ತಿತ್ತು. ಹೊಸ ಯಂತ್ರ ಎದ್ದಿತು, ಆಪ್ ಅದರ ಮೇಲೆ ಕೂತಿತು, ಹಸಿರು ದೀಪ ಹತ್ತಿತು. ನಿಜಕ್ಕೂ ಬೇಗ ಆಯಿತು. ಸರ್ವರಪ್ಪನಿಗೇ ಸ್ವಲ್ಪ ನಾಚಿಕೆಯಾಯಿತು.

"ಹಳೇದು ಯಾಕೆ ಇನ್ನೂ ಓಡ್ತಾ ಇದೆ?" ಭಾವಮೈದ ಬೆರಳು ಮಾಡಿದ.

"ಏನಾದ್ರೂ ಎಡವಟ್ಟಾದ್ರೆ ವಾಪಸ್ ಹೋಗೋಕೆ."

"ಸತ್ತಿದ್ದನ್ನ ಮನೇಲಿ ಇಟ್ಕೋಬಾರದು. ಈ ಕಸುಬಿನ ಮೊದಲನೇ ಪಾಠ ಅದು," ಎಂದು ಅವನೇ ಕೈ ಚಾಚಿ ಅಳಿಸುವ ಗುಂಡಿ ಒತ್ತಿದ. ನಿಜವಾಗಲೂ ಅಳಿಸಬೇಕೇ ಎಂದು ಯಂತ್ರ ಕೇಳಿತು. ಅದನ್ನೂ ಒತ್ತಿದ. ಆಯುಸ್ಸು ಮುಗಿದದ್ದರಿಂದ ಇನ್ನೊಂದು ಹುಟ್ಟುವಂತಿರಲಿಲ್ಲ. ಹಾಲು ಚೆಲ್ಲಿದ ಮೇಲೆ ಪಾತ್ರೆ ಹಿಡಿದು ಪ್ರಯೋಜನವೇನು?

ಬಿಸಿಲೇರುವ ಹೊತ್ತಿಗೆ ಸಭಾಂಗಣದ ಹೂವಿನಾಕೆಯ ಫೋನು ಬಂತು. "ಸರ್ವರಪ್ಪಾ, ಪರದೆ ಮೇಲೆ ಹೆಸರಿಲ್ಲ. ಬರೀ ಡಬ್ಬಿ ಡಬ್ಬಿ ಬರ್ತಿದೆ. ಪೆಟ್ಟಿಗೆ ಜಾಹೀರಾತು ಹಾಕಿದ್ದೀರಾ ಏನು?"

ಕೇಳಿದ ಕೂಡಲೇ ಅರ್ಥವಾಯಿತು. ಸಪೂರವಾಗುವ ಭರದಲ್ಲಿ ಆ ಇಮೇಜಿನವರು ಅಕ್ಷರಗಳನ್ನೇ ಕಿತ್ತು ಬಿಸಾಡಿದ್ದರು. ಇಲ್ಲಿನ ಲಿಪಿ ಬರೆಯಲು ಬಾರದ ಯಂತ್ರ ಒಂದೊಂದು ಅಕ್ಷರಕ್ಕೆ ಒಂದೊಂದು ಖಾಲಿ ಡಬ್ಬಿ ಜೋಡಿಸುತ್ತಿತ್ತು. ಸರಿ, ಅಕ್ಷರ ತಂದು ಹಾಕಿದರಾಯಿತು ಎಂದುಕೊಂಡು, ಮೊದಲು ಪರದೆ ನೋಡಿ ಬರಲು ಅವನು ರಸ್ತೆ ದಾಟಿ ಓಡಿದ.

ಸಭಾಂಗಣ ಕಿಕ್ಕಿರಿದಿತ್ತು. ಆ ಹೊತ್ತಿಗೆ ಅಲ್ಲಿ ಜನ ಇರಬಾರದಿತ್ತು.

ಅದು ದೂರಿನ ತಾತನ ಹೊತ್ತು. ಆ ತಾತನನ್ನು ಊರಿನಲ್ಲಿ ಅರಿಯದವರಿಲ್ಲ. ನಾಯಿ ಬೊಗಳಿದರೆ ದೂರು, ಮಕ್ಕಳ ಚೆಂಡು ಗೋಡೆಗೆ ಬಡಿದರೆ ದೂರು, ಪಕ್ಕದ ಮನೆಯ ಬಟ್ಟೆ ಒಣಗುವ ಹಗ್ಗ ಒಂದು ಗೇಣು ಈಚೆ ಬಂದರೆ ದೂರು. ಅಕ್ಕಪಕ್ಕದವರಲ್ಲಿ ಅವನಿಂದ ಒಂದು ಸಲವಾದರೂ ಪೊಲೀಸ್ ಠಾಣೆ ಕಾಣದವರು ಕಡಿಮೆ. ಮಗಳೊಬ್ಬಳೇ. ಬುಕ್ ಮಾಡುವಾಗ 'ಸಂದೇಶ ಯಾರಿಗೆ ಕಳಿಸಬೇಕು' ಎಂಬಲ್ಲಿ ಅವಳು ತನ್ನ ನಂಬರೊಂದನ್ನೇ ಹಾಕಿದ್ದಳು.

ಹಾಗಾದರೆ ಇಷ್ಟು ಜನ ಎಲ್ಲಿಂದ ಬಂದರು? ಸರ್ವರಪ್ಪ ಕಂಬಕ್ಕೊರಗಿದ್ದ ಒಬ್ಬನ ಫೋನಿನಲ್ಲಿದ್ದ ಸಂದೇಶ ನೋಡಿದ. ಹೆಸರಿದ್ದ ಕಡೆ ಡಬ್ಬಿಗಳು. ಹೊತ್ತು ಮಾತ್ರ ಸ್ಪಷ್ಟವಾಗಿತ್ತು, ಮತ್ತು ತಪ್ಪಾಗಿತ್ತು. ಇಳಿಹೊತ್ತಿನ ಸಭೆಗೆ ನಡುಹಗಲಿನ ಕರೆ ಹೋಗಿತ್ತು. ಯಂತ್ರಗಳೆಲ್ಲ ಜಗತ್ತಿಗೊಂದೇ ಆದ ಯಾವುದೋ ದೂರದ ಗಡಿಯಾರ ನೋಡಿ ಲೆಕ್ಕ ಇಡುತ್ತವೆ. ಆಯಾ ಊರಿಗೆ ಎಷ್ಟು ಕೂಡಿಸಬೇಕು ಎಂಬ ಪುಟ್ಟ ಪಟ್ಟಿಯೊಂದು ಇಮೇಜಿನಲ್ಲಿರುತ್ತದೆ. ಸಪೂರ ಇಮೇಜು ಅದನ್ನೂ ಹೊರೆಯೆಂದು ಇಳಿಸಿ ಬಂದಿತ್ತು.

ಗಾಡಿಗಳು ಬೆಳಿಗ್ಗೆಯೇ ಅಚ್ಚಾದ ಹಾಳೆ ನೋಡಿ ಹೊರಟಿದ್ದವು. ಆದ್ದರಿಂದ ಹೆಣ ಸರಿಯಾದ ಹೊತ್ತಿಗೆ ಬಂದಿತ್ತು, ಜನ ತಪ್ಪು ಹೊತ್ತಿಗೆ. ಇವರೆಲ್ಲ ಮೇಷ್ಟ್ರ ಜನ. ಅರ್ಧ ಊರಿಗೆ ಅಕ್ಷರ ಕಲಿಸಿದ ಮೇಷ್ಟ್ರು ಹಿಂದಿನ ದಿನ ತೀರಿಕೊಂಡಿದ್ದರು. ಮುಚ್ಚಿದ ಪೆಟ್ಟಿಗೆ, ಡಬ್ಬಿಗಳು ತುಂಬಿದ ಪರದೆ. ಒಳಗಿರುವುದು ಮೇಷ್ಟ್ರೇ, ಅವರ ಹೆಂಡತಿ ವಯಸ್ಸಾದ್ದರಿಂದ ಬಂದಿಲ್ಲ ಎಂದು ಜನ ಎಣಿಸಿದ್ದರು. ತಾತನ ಮಗಳು ಫೋಟೋ ತಂದಿರಲಿಲ್ಲ. ತಾತ ಸಿಡುಕದೆ ತೆಗೆಸಿಕೊಂಡ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲವಂತೆ.

ಬಸ್ ಓಡಿಸುವ ಸಮವಸ್ತ್ರದಲ್ಲೇ ಬಂದಿದ್ದ ದೊಡ್ಡ ಮೈಯ ಮನುಷ್ಯನೊಬ್ಬ ಪೆಟ್ಟಿಗೆಯ ಪಕ್ಕ ನಿಂತು ಮಾತಾಡುತ್ತಿದ್ದ.

"ನಮ್ಮ ತಪ್ಪು ಕಂಡ್ರೆ ಇವರು ಬಿಡ್ತಿರ್ಲಿಲ್ಲ," ಎಂದ ಅವನು. "ಎಷ್ಟು ಚಿಕ್ಕದಾಗಿರ್ಲಿ, ಬಿಡ್ತಿರ್ಲಿಲ್ಲ. ಆಗ ಬೈಕೊಂಡಿದ್ದೀವಿ. ಹಿಂದಿನಿಂದ ಅಡ್ಡಹೆಸರಿಟ್ಟು ಕರೆದಿದ್ದೀವಿ. ಇವತ್ತು ನಾನು ರಸ್ತೇಲಿ ನೆಟ್ಟಗೆ ಗಾಡಿ ಓಡಿಸ್ತೀನಿ ಅಂದ್ರೆ ಅದು ಇವರ ಬೈಗುಳದಿಂದ."

ಸಭೆಯಲ್ಲಿ ಮೂಗು ಸೇದುವ ಸದ್ದು. ಎದುರು ಸಾಲಿನಲ್ಲಿ ದೂರಿನ ತಾತನ ಮಗಳು ಒಬ್ಬಳೇ ಕೂತಿದ್ದಳು. ಐವತ್ತು ದಾಟಿದ ಹೆಂಗಸು, ಕಪ್ಪು ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸರ್ವರಪ್ಪ ತಡೆಯಲೆಂದು ಅವಳ ಬಳಿ ಬಗ್ಗಿದ. "ಅಮ್ಮಾ, ಕ್ಷಮಿಸಿ. ನಮ್ಮಿಂದ ದೊಡ್ಡ ತಪ್ಪಾಗಿದೆ. ಇವರು ನಿಮ್ಮ ಜನ ಅಲ್ಲ. ನಾನೀಗ್ಲೇ ಹೇಳಿ..."

ಅವಳು ಅವನ ಮಣಿಕಟ್ಟು ಹಿಡಿದಳು. "ಗೊತ್ತು. ಅವನು ಬಾಯಿ ತೆಗೆದಾಗ್ಲೇ ಗೊತ್ತಾಯ್ತು." ದನಿ ಇಳಿಸಿದಳು. "ನಮ್ಮಪ್ಪನ ಬಗ್ಗೆ ಯಾರಾದ್ರೂ ಒಂದು ಒಳ್ಳೆ ಮಾತಾಡಿದ್ದು ಹುಟ್ಟಿದಾಗಿಂದ ಕೇಳಿಲ್ಲ. ಮುಗಿಸ್ಲಿ ಬಿಡಿ."

ಬಿಡಬಾರದಿತ್ತು. ಸರ್ವರಪ್ಪನಿಗೆ ಅದು ಗೊತ್ತಿತ್ತು. ಆದರೆ ಆ ಕೈಯನ್ನು ಕೊಡವಿ ಎದ್ದು ನಿಂತು, ಸ್ವಾಮಿ, ಇದು ನೀವು ಅಳಬೇಕಾದ ಹೆಣವಲ್ಲ ಎಂದು ಹೇಳುವ ಬಾಯಿ ಅವನಿಗಿರಲಿಲ್ಲ. ಅವನು ಗೋಡೆಗೆ ಒತ್ತಿಕೊಂಡು ನಿಂತ. ಒಬ್ಬರಾದ ಮೇಲೊಬ್ಬರು ಮಾತಾಡಿದರು. ಇವರು ಹೊಡೆದ ಏಟು ಇನ್ನೂ ನೆನಪಿದೆ ಎಂದರು, ಇವರ ಹೆದರಿಕೆಗೆ ಸುಳ್ಳು ಹೇಳುವುದನ್ನು ಬಿಟ್ಟೆವು ಎಂದರು. ಕೊನೆಗೆ ಪೆಟ್ಟಿಗೆ ಒಳಬಾಗಿಲಿನತ್ತ ಸರಿಯುವಾಗ, ಬದುಕಿಡೀ ಯಾರೊಬ್ಬರೂ ಎದ್ದು ನಿಂತು ಗೌರವ ಕೊಡದ ತಾತನಿಗೆ ಇಡೀ ಸಭೆ ಎದ್ದು ನಿಂತಿತು.

ಬಾಗಿಲ ಬಳಿ ಭಾವಮೈದ ಫೋನೆತ್ತಿ ಹಿಡಿದು ಅದನ್ನೆಲ್ಲ ಚಿತ್ರೀಕರಿಸಿಕೊಳ್ಳುತ್ತಿದ್ದ. ಆಗ ಅದನ್ನು ಯೋಚಿಸುವಷ್ಟು ವ್ಯವಧಾನ ಸರ್ವರಪ್ಪನಿಗಿರಲಿಲ್ಲ.

ಜನ ಚದುರಿದರು. ಮೇಷ್ಟ್ರು ಬರುವುದು ಇನ್ನೂ ಬಾಕಿ ಇತ್ತು.

ಸರ್ವರಪ್ಪ ಆಫೀಸಿಗೆ ಓಡಿ, ಆಪನ್ನು ನಂಬದೆ, ಮೇಷ್ಟ್ರ ಜನಕ್ಕೆ ತಾನೇ ಒಬ್ಬೊಬ್ಬರಿಗೂ ಫೋನು ಮಾಡಿದ. ಹೇಳಿದರೆ ನಂಬುವವರಿರಲಿಲ್ಲ, ನಂಬಿದವರಿಗೆ ಪುರುಸೊತ್ತಿರಲಿಲ್ಲ.

"ಈಗ ತಾನೇ ಕಳಿಸಿ ಬಂದ್ವಲ್ಲ ಸ್ವಾಮಿ," ಎಂದಳು ಒಬ್ಬಳು.

"ಅದು ಬೇರೆಯವರು."

"ಹಾಗಾದ್ರೆ ನಾನು ಅತ್ತಿದ್ದು?"

ಅವನು ಮುಂದಿನ ನಂಬರು ಒತ್ತಿದ. ಬಸ್ಸಿನವನು ಫೋನೆತ್ತುವಾಗಲೇ ಹಿಂದೆ ಹಾರ್ನಿನ ಗದ್ದಲವಿತ್ತು. ಅವನು ಹೇಳಿದ: "ಮೇಷ್ಟ್ರು ಸತ್ತರು ಅಂತ ಕಾಲುದಿನ ರಜೆ ಕೊಟ್ಟಿದ್ರು. ಅವರೇ ಮತ್ತೆ ಸತ್ತರು ಅಂತ ಹೋದ್ರೆ ಕೆಲಸದಿಂದ ತೆಗೀತಾರೆ. ಬಸ್ ತುಂಬ ಜನ ಇದ್ದಾರೆ, ನಡುರಸ್ತೇಲಿ ಇಳಿಸಿ ಬರ್ಲಾ?" ಆಮೇಲೆ ಮೆಲ್ಲಗೆ, "ಮೇಷ್ಟ್ರ ಹೆಂಡ್ತಿಗೆ ನಾನು ಬಂದಿದ್ದೆ ಅಂತ ಹೇಳ್ತೀರಾ?" ಎಂದ.

ಇಳಿಹೊತ್ತಿಗೆ ಮೇಷ್ಟ್ರ ಗಾಡಿ ಬಂತು. ಡ್ರೈವರಣ್ಣ ಕೈಹಿಡಿದು ಒಬ್ಬ ಮುದುಕಿಯನ್ನು ಇಳಿಸಿದ. ಅವಳು ಮೇಷ್ಟ್ರ ಹೆಂಡತಿ, ಪುಟ್ಟ ಮೈಯವಳು. ಬಾಗಿಲಲ್ಲಿ ನಿಂತು ಖಾಲಿ ಕುರ್ಚಿಗಳ ಸಾಲನ್ನು ನೋಡಿದಳು. ನೆಲದಲ್ಲಿ ನಡುಹಗಲಿನವರು ತುಳಿದ ಹೂವಿನ ಎಸಳುಗಳಿದ್ದವು. ಹೂವಿನಾಕೆ ಇನ್ನೂ ಗುಡಿಸಿ ಮುಗಿಸಿರಲಿಲ್ಲ.

"ಬೇಗ ಬಂದ್ವೇನೋ," ಎಂದಳು ಮುದುಕಿ.

ಅವಳು ಮುಂದಿನ ಸಾಲಿನಲ್ಲಿ ಕೂತಳು. ಕಾದರು. ಆಗೊಮ್ಮೆ ಈಗೊಮ್ಮೆ ಅವಳು ಬಾಗಿಲ ಕಡೆ ತಿರುಗುತ್ತಿದ್ದಳು. "ಅವರು ಸ್ವಲ್ಪ ಜೋರು ಮನುಷ್ಯ," ಎಂದು ಸರ್ವರಪ್ಪನಿಗೆ ಹೇಳಿದಳು, ನೆಪ ಹುಡುಕುವವಳ ಹಾಗೆ. "ಹುಡುಗರಿಗೆ ಹೊಡೀಬೇಡಿ ಅಂತ ಎಷ್ಟು ಹೇಳ್ತಿದ್ದೆ. ಕೇಳ್ತಿರ್ಲಿಲ್ಲ. ಅದಕ್ಕೇ ಯಾರೂ ಬರ್ಲಿಲ್ಲವೇನೋ."

ಸರ್ವರಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡ. ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಅವನು ಕೇಳಿದ್ದನಷ್ಟೆ. ಅಂಗಾಲಿನಲ್ಲಿ ಅದನ್ನು ಬಯಸಿದ್ದು ಆಗಲೇ. ನಡೆದದ್ದನ್ನು ಹೇಳಿಬಿಡಬೇಕೆಂದು ಅವನು ಅವಳತ್ತ ಬಗ್ಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಎದ್ದರು. ದೂರಿನ ತಾತನ ಮಗಳು. ಅವಳು ಮನೆಗೆ ಹೋಗಿರಲೇ ಇಲ್ಲ.

ಅವಳು ಪೆಟ್ಟಿಗೆಯ ಪಕ್ಕ ಬಂದು ನಿಂತಳು. "ಬಂದಿದ್ರು ಅಮ್ಮಾ," ಎಂದಳು. "ಈ ಜಾಗ ಸಾಲದಷ್ಟು ಜನ ಬಂದಿದ್ರು. ಹೊತ್ತು ತಪ್ಪಿ ನಮ್ಮಪ್ಪನ ಹತ್ರ ಬಂದ್ರು. ನಾನು ಸುಮ್ಮನೆ ಕೂತು ಎಲ್ಲ ಇಸ್ಕೊಂಡೆ. ತಪ್ಪು ನನ್ನದು. ಅವರು ಏನೇನು ಹೇಳಿದ್ರು ಅಂತ ನೆನಪಿದೆ, ಹೇಳ್ತೀನಿ. ನಿಮ್ಮದು ನಿಮಗೆ."

ಅವಳು ಹೇಳಿದಳು. ಬಸ್ಸಿನವನ ಮಾತನ್ನು ಅವನ ಗಡಸು ದನಿಯ ಹತ್ತಿರಕ್ಕೆ ಹೋಗಿ ಹೇಳಿದಳು. ಸುಳ್ಳು ಬಿಟ್ಟವಳ ಮಾತು ಹೇಳಿದಳು, ಏಟು ನೆನಪಿದ್ದವನ ಮಾತು ಹೇಳಿದಳು. ಎಲ್ಲೋ ಒಂದು ಕಡೆ ಮರೆತು ನಿಂತು, ಹಣೆ ಒತ್ತಿಕೊಂಡು, ನೆನಪಾದಾಗ ಮತ್ತೆ ಮುಂದುವರಿಸಿದಳು. ಕೇಳುವವರು ಮುದುಕಿ, ಸರ್ವರಪ್ಪ, ಡ್ರೈವರಣ್ಣ, ಕಸಬರಿಕೆ ಹಿಡಿದ ಹೂವಿನಾಕೆ. ಪೆಟ್ಟಿಗೆ ಸರಿಯುವಾಗ ಎಲ್ಲರೂ ಎದ್ದು ನಿಂತರು. ಎದ್ದು ನಿಲ್ಲಲು ಇದ್ದವರೇ ಅಷ್ಟು.

ಆಮೇಲೆ ಸರ್ವರಪ್ಪ ಯಾರನ್ನೂ ಕೇಳಲಿಲ್ಲ. ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡ. ತಾನು ಬೆಳಿಗ್ಗೆ ಹೇಳಿದ್ದ ಗಟ್ಟಿ ಇಮೇಜನ್ನೇ ಆರಿಸಿದ. ಅದರಲ್ಲಿಯೂ ಬೀಗ ಹಾಕಿದ ಬಗೆಯದ್ದು ಒಂದಿತ್ತು. ಒಮ್ಮೆ ಕೂರಿಸಿದರೆ ಒಳಗಿನ ಒಂದು ಕಡ್ಡಿಯನ್ನೂ ಯಾರೂ ಅಲುಗಿಸುವಂತಿಲ್ಲ, ಅದನ್ನು ಅಳಿಸಿ ಬೇರೆಯದನ್ನು ಕೂರಿಸುವಂತೆಯೂ ಇಲ್ಲ. ಅಲುಗಿಸಿದರೆ ಯಂತ್ರ ತಾನೇ ಮೊದಲಿನಂತೆ ಮಾಡಿಕೊಳ್ಳುತ್ತದೆ. ಬೀಗದ ಕೀಲಿಯನ್ನು ಕ್ಲೌಡ್ ಕಂಪನಿಯವರೇ ಇಟ್ಟುಕೊಳ್ಳುತ್ತಾರೆ, ಇವನಿಗೂ ಕೊಡುವುದಿಲ್ಲ. ಭಾವಮೈದನ ಬೆರಳನ್ನು ನೆನೆದು ಅವನು ಅದನ್ನೇ ಹಾಕಿದ. ವಾರದ ಪರೀಕ್ಷೆಗೆ ಪುರುಸೊತ್ತಿರಲಿಲ್ಲ, ಊರಿನ ಗಡಿಯಾರ, ಊರಿನ ಅಕ್ಷರ ಎರಡನ್ನು ಮಾತ್ರ ಹತ್ತು ಬಗೆಯಲ್ಲಿ ಪರೀಕ್ಷಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಎಲ್ಲ ನಡೆಯಿತು. ಸಪೂರದ್ದನ್ನು ಅಳಿಸಿದ. ಪರದೆಯ ಮೇಲೆ ನಾಳಿನವರ ಹೆಸರುಗಳು ಕೊಂಬು ದೀರ್ಘ ಸಮೇತ ಮೂಡಿ ನಿಂತವು. ಕೆಲಸ ಹೋದರೂ ಹೋಗಲಿ, ಇದಿಷ್ಟು ಸರಿಯಾಗಿದೆ ಎಂದುಕೊಂಡು ಮಾಲೀಕರ ಕರೆಗಾಗಿ ಕಾದ.

ಕರೆ ಬಂತು. ಕೋಣೆಯೊಳಗೆ ಹೋದರೆ ಮಾಲೀಕರ ಮುಖದಲ್ಲಿ ಸಿಟ್ಟಿರಲಿಲ್ಲ. ಭಾವಮೈದನ ಫೋನಿನಲ್ಲಿ ನಡುಹಗಲಿನ ಸಭೆ ಓಡುತ್ತಿತ್ತು. ಬಸ್ಸಿನವನು ಅಳುತ್ತಿದ್ದ.

"ಕೂತ್ಕೋ," ಎಂದರು ಮಾಲೀಕರು. ಅವನಿಗೆ ಅವರು ಕುರ್ಚಿ ತೋರಿಸಿದ್ದು ಅದೇ ಮೊದಲು. "ಇದನ್ನ ಹೇಗೆ ಮಾಡ್ದೆ?"

"ಮಾಡಿಲ್ಲ ಸರ್. ಆಗಿಹೋಯ್ತು. ಕ್ಷಮಿಸಿ."

"ಕ್ಷಮೆ ಯಾಕೆ ಕೇಳ್ತೀಯ? ಊರಲ್ಲಿ ಒಂಟಿಯಾಗಿ ಸಾಯೋರು ಎಷ್ಟು ಜನ ಇದ್ದಾರೆ ಗೊತ್ತಾ? ನನ್ನ ಸಭೆಗೆ ಯಾರು ಬರ್ತಾರೋ ಅಂತ ಬದುಕಿರುವಾಗ್ಲೇ ಕೊರಗ್ತಾರೆ. ಅಂಥವರಿಗೆ ತುಂಬಿದ ಸಭೆ ಕೊಡಬಹುದು. ನಮ್ಮ ಭಾವಮೈದ ಹೇಳೋ ತನಕ ನನಗೇ ಹೊಳೆದಿರ್ಲಿಲ್ಲ. ಒಬ್ಬರ ಜನ ಇನ್ನೊಬ್ಬರಿಗೆ. ಸದ್ಯ ಯಾರಿಗೂ ತಿಳಿಯೋದೂ ಇಲ್ಲ."

"ಸರ್, ಆ ಜನ ಹೋದ್ಮೇಲೆ ಅವರದೇ ಹೆಣಕ್ಕೆ ಯಾರೂ ಇರಲ್ಲ. ಇವತ್ತು ಮೇಷ್ಟ್ರಿಗೆ ಯಾರೂ ಇರ್ಲಿಲ್ಲ."

"ಅವರಿಗೆ ಅವರ ನಂತರದ ಸಭೆಯವರ ಜನ ಬರ್ತಾರೆ," ಎಂದ ಭಾವಮೈದ. "ಸರದಿ ಇದ್ದ ಹಾಗೆ. ಮೇಷ್ಟ್ರ ನಂತರ ಇವತ್ತು ಯಾರ ಸಭೆಯೂ ಇರ್ಲಿಲ್ಲ, ಅದು ಅವರ ದುರಾದೃಷ್ಟ."

"ನಾಳೆ ಬೆಳಗ್ಗೆ ಮೊದಲನೇ ಸಭೆಗೆ ಶುರು," ಎಂದರು ಮಾಲೀಕರು. "ಇವತ್ತು ಹೇಗಿತ್ತೋ ಹಾಗೇ ಇರ್ಲಿ. ಗಡಿಯಾರ ತಪ್ಪಿರ್ಬೇಕು, ಹೆಸರು ಕಾಣಬಾರದು. ಏನೂ ಸರಿ ಮಾಡಬೇಡ."

"ಸರಿ ಮಾಡಿಬಿಟ್ಟಿದ್ದೀನಿ ಸರ್," ಎಂದ ಸರ್ವರಪ್ಪ.

ಭಾವಮೈದ ಫೋನಿನಲ್ಲಿ ಅಳುತ್ತಿದ್ದ ಬಸ್ಸಿನವನನ್ನು ನಿಲ್ಲಿಸಿದ.

"ಹಾಗಾದ್ರೆ ಕೆಡಿಸು," ಎಂದರು ಮಾಲೀಕರು.

ಅವನು ಇಲ್ಲ ಎನ್ನಬಹುದಿತ್ತು. ಎದ್ದು ಬಾಗಿಲ ತನಕ ಹೋಗುವಾಗ ಇಲ್ಲ ಎನ್ನುವುದನ್ನೇ ಬಾಯಲ್ಲಿ ಹೊರಳಿಸಿಕೊಂಡೂ ಹೋದ. ಆದರೆ ಹೊಟ್ಟೆಪಾಡು ಎನ್ನುವುದು ಬೆನ್ನ ಹಿಂದೆ ನಿಂತು ಕಾಲರು ಹಿಡಿದುಕೊಂಡಿರುತ್ತದೆ. ಕುರ್ಚಿಯಲ್ಲಿ ಕೂತು ಸಪೂರ ಇಮೇಜನ್ನು ಹುಡುಕಿದ. ಅದು ಸಿಗಲಿಲ್ಲ. ಅದನ್ನು ಮಾಡಿದವರೇ ಹಿಂತೆಗೆದುಕೊಂಡಿದ್ದರು. ದೇಶದೇಶಗಳಿಂದ ಬಳಕೆದಾರರು ಬೈದದ್ದರಿಂದ ಗಡಿಯಾರದ ಪಟ್ಟಿ, ಅಕ್ಷರ ಎಲ್ಲ ಸೇರಿಸಿ ಹೊಸದನ್ನು ಇಟ್ಟಿದ್ದರು. ಜಗತ್ತು ಅವತ್ತೊಂದು ದಿನ ಸರಿಯಾಗಲು ಹೊರಟಿತ್ತು.

ಉಳಿದದ್ದು ಕೈಯಾರೆ ಕೆಡಿಸುವುದು. ಅವನು ಗಡಿಯಾರದ ಪಟ್ಟಿಯನ್ನು ಕಿತ್ತ. ಯಂತ್ರ ಒಮ್ಮೆ ಮಲಗಿ ಎದ್ದು ಅದನ್ನು ಇದ್ದಲ್ಲೇ ಇಟ್ಟುಕೊಂಡಿತು. ಅಕ್ಷರಗಳನ್ನು ಕಿತ್ತ. ಯಂತ್ರ ಮತ್ತೆ ಮಲಗಿ ಎದ್ದಿತು. ಒಂದು ಕೊಂಬೂ ಕಳೆದಿರಲಿಲ್ಲ. ಅವನಿಗೆ ಗೊತ್ತಿದ್ದ ಎಡವಟ್ಟುಗಳನ್ನೆಲ್ಲ, ಇಷ್ಟು ವರ್ಷ ಯಾವುದನ್ನು ತಡೆಯಲು ಅವನು ರಕ್ತ ಬಸಿದಿದ್ದನೋ ಅವನ್ನೆಲ್ಲ, ಒಂದೊಂದಾಗಿ ತನ್ನ ಕೈಯಿಂದಲೇ ಮಾಡಿ ನೋಡಿದ. ಪ್ರತಿ ಸಲವೂ ಹಸಿರು ದೀಪ ಹತ್ತಿ, ನಿಮ್ಮ ವ್ಯವಸ್ಥೆ ಸುರಕ್ಷಿತವಾಗಿದೆ ಎಂಬ ಸಾಲು ಮೂಡುತ್ತಿತ್ತು.

ಮಾಲೀಕರು ಬಾಗಿಲಲ್ಲಿ ಬಂದು ನಿಂತರು, ಹಿಂದೆ ಭಾವಮೈದ. "ಇಷ್ಟು ವರ್ಷ ಏನೂ ಮಾಡದೇನೇ ಕೆಡ್ತಿತ್ತು," ಎಂದರು. "ಈಗ ಕೆಡಿಸು ಅಂದ್ರೆ ಆಗಲ್ಲ ಅಂತೀಯ. ನಿನಗೆ ಕೆಲಸ ಬರುತ್ತೋ ಇಲ್ವೋ ಅಂತ ನನಗೀಗ ಅನುಮಾನ. ಬೆಳಗಾಗೋದ್ರೊಳಗೆ ಕೆಡದಿದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ನನಗೆ ಗೊತ್ತಿರೋರು ಒಬ್ಬರಿದ್ದಾರೆ ಭಾವಾ," ಎಂದ ಭಾವಮೈದ. "ಏನು ಕೊಟ್ಟರೂ ಕೆಡಿಸ್ತಾರೆ."

ಸರ್ವರಪ್ಪ ಪರದೆಯ ಕಡೆ ತಿರುಗಿ ಪಟ್ಟಿಯನ್ನು ಮತ್ತೊಮ್ಮೆ ಕಿತ್ತ. ಯಂತ್ರ ಮಲಗಿತು. ಎದ್ದೇಳದಿರಲಿ ಎಂದು ಅವನು ಕಾದ. ಅದು ಎದ್ದಿತು. ಅವನ ಜೀವಮಾನದಲ್ಲಿ ಮೊದಲ ಬಾರಿಗೆ, ಅವನು ಕಟ್ಟಿದ್ದು ಕೆಡಲಿಲ್ಲ.